ಸಾರವಾಡದ ಬಸ್ಸಿನಲ್ಲಿ ಎತ್ತಿದ ಹೆಸರು

ಕಸ್ತೂರಕ್ಕ, ಆ ವರ್ಷ ನಿನ್ನನ್ನು ನಮ್ಮ ಸಭೆಯಿಂದ ಹೊರಗಿಟ್ಟವಳು ನಾನು. ದೇವರಲ್ಲ, ಊರವರಲ್ಲ — ನಾನು, ನನ್ನ ನಾಲಿಗೆ.

ಪಂಚಾಯ್ತಿ ಚುನಾವಣೆಯಲ್ಲಾದರೆ ಒಬ್ಬರ ಹೆಸರೆತ್ತಿ ಮಾತಾಡುವುದು ತಪ್ಪೇ ಅಲ್ಲ. ನಮ್ಮ ಬಹಾಯಿ ಧರ್ಮದವರಲ್ಲಿ ಚುನಾವಣೆಗೆ ನಿಲ್ಲುವವರಿಲ್ಲ, ಪ್ರಚಾರವಿಲ್ಲ. ರಿಜ್ವಾನ್ ಹಬ್ಬದ ಮೊದಲ ದಿನ ಪ್ರಾರ್ಥನೆ ಮುಗಿಸಿ, ನಮ್ಮ ಕೆಲಸಕಾರ್ಯ ನಡೆಸುವ ಒಂಬತ್ತು ಜನರ ಸಭೆಗೆ ಊರಿನ ಬಹಾಯಿಗಳಲ್ಲಿ ಯೋಗ್ಯರೆನಿಸಿದವರ ಹೆಸರನ್ನು ಪ್ರತಿಯೊಬ್ಬರೂ ಗುಟ್ಟಾಗಿ ಬರೆಯಬೇಕು. ಅದಕ್ಕೆ ಮೊದಲು ಯಾರ ಹೆಸರನ್ನೂ ಎತ್ತಬಾರದು — ಗಂಡ ಹೆಂಡತಿಯ ನಡುವೆ ಕೂಡ.

ನಾನು ಎತ್ತಿದೆ. ಸ್ಟೇಷನ್ ರಸ್ತೆಯಲ್ಲಿ ಹಬ್ಬದ ಸಾಮಾನು ಕೊಂಡು ಬಸ್ಸಿನಲ್ಲಿ ಬರುವಾಗ, ಜೊತೆಗಿದ್ದ ನಮ್ಮ ಹೆಂಗಸರಿಗೆ ಹೇಳಿದೆ: “ಕಸ್ತೂರಕ್ಕಗ ಎಮ್ಮಿ ಬಿಟ್ಟು ಬರಾಕ ಆಗೂದಿಲ್ರಿ. ಪಾಪ, ಆಕಿಗ್ಯಾಕ ತ್ರಾಸ ಕೊಡೂದು?”

ಕನಿಕರದ ಮಾತು ಎಂದುಕೊಂಡರು. ಕನಿಕರ ಎಲ್ಲಿತ್ತು ನನಗೆ? ನಾನು ನಡೆಸಬೇಕಿದ್ದ ಮಕ್ಕಳ ತರಗತಿಯನ್ನು ವಾರಗಟ್ಟಲೆ ತಪ್ಪಿಸಿದ್ದನ್ನು ನೀನು ಎಲ್ಲರ ಮುಂದೆ ಹೇಳಿದ್ದೆ. ಹೇಳಿದ್ದು ನಿಜ — ಅದಕ್ಕೇ ಹೊಟ್ಟೆ ಉರಿದಿತ್ತು.

ನೀನು ಒಂದು ಪ್ರಾರ್ಥನಾ ಕೂಟವನ್ನೂ ತಪ್ಪಿಸಿದವಳಲ್ಲ. ಸೆರಗಿನಲ್ಲಿ ಎಮ್ಮೆಗೆ ಹಾಕಿದ ಕಣಕಿಯ ಚೂರು ಅಂಟಿಸಿಕೊಂಡೇ ಓಡಿ ಬರುತ್ತಿದ್ದೆ. ಆ ಸಲ ಒಂಬತ್ತರಲ್ಲಿ ನಿನ್ನ ಹೆಸರು ಬರಲಿಲ್ಲ. ನನ್ನದು ಬಂತು. ನೀನೇ ಎದ್ದು ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದೆ. “ಚಲೋ ಆತ್ ನೋಡವಾ. ದೇವ್ರೇ ಎಲ್ಲಾರ ಮನಸ್ನ್ಯಾಗ ನಿಂತು ಬರಸ್ಯಾನ,” ಅಂದೆ. ಆಗಲೇ ನಾನು ಹೇಳಬೇಕಿತ್ತು. ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ನಕ್ಕೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಸ್ತೂರಕ್ಕ ಬರಲಾರಳು ಎಂಬುದು ಅಂದಿನಿಂದ ನಮ್ಮವರೆಲ್ಲ ನಂಬಿದ ಮಾತಾಗಿದೆ. ವರ್ಷವರ್ಷವೂ ನಿನ್ನ ಹೆಸರು ಬರುತ್ತಿಲ್ಲ. ಕಸ್ತೂರಕ್ಕನನ್ನು ಬರೆಯಿರಿ, ನನ್ನನ್ನು ಬಿಡಿ ಎಂದು ಸಾರಿಬಿಡಲೇ ಅನಿಸಿದ್ದುಂಟು. ಅದೂ ಹೆಸರು ಎತ್ತಿದಂತೆಯೇ — ಅದೇ ತಪ್ಪು. ಈ ನೆವ ಸಿಕ್ಕಿತೆಂದು ಒಳಗೊಳಗೇ ಹಾಯೆನಿಸಿದ್ದೂ ಉಂಟು, ಅಕ್ಕ.

ನಿನ್ನೆ ಈ ವರ್ಷದ ಆಯ್ಕೆ ಮುಗಿಯಿತು. ಇನ್ನು ಹೇಳಿದರೆ ಯಾರ ಚೀಟಿಯೂ ಬದಲಾಗದು. ನಾಳೆ ಮುಂಜಾನೆ ನೀನು ಹಾಲು ಹಿಂಡುವ ಹೊತ್ತಿಗೆ ನಿನ್ನ ಮನೆಗೆ ಬರುತ್ತೇನೆ, ಆ ಬಸ್ಸಿನ ಹೆಂಗಸರನ್ನೂ ಕರೆದುಕೊಂಡು. ಕ್ಷಮೆ ಕೇಳುವ ಮುಖ ನನಗಿಲ್ಲ. ನನ್ನ ತಪ್ಪನ್ನು ನೀನು ಒಮ್ಮೆ ಎಲ್ಲರ ಮುಂದೆ ಹೇಳಿದ್ದೆ. ಈ ಸಲ ನಾನೇ ಹೇಳುತ್ತೇನೆ.