ಎರಡು ತಾಸಿನ ಮಾವ

ಮದುವೆಯಾಗಿ ವಲಾಂಡಿಗೆ ಬಂದ ದಿನ ನನ್ನ ಮಾವ ನನ್ನನ್ನು ಮನೆಯೊಳಗೆ ಬಿಡಲಿಲ್ಲ.

ನಾನು ಟ್ರಂಕು ಹಿಡಿದು ಹೊರಗೆ ನಿಂತಿದ್ದೆ. ಅವರು ಬಾಗಿಲ ನಡುವೆ ನಿಂತಿದ್ದರು. ಎರಡೂ ಕೈ ಚೌಕಟ್ಟಿನ ಮೇಲೆ. ಮುಖದಲ್ಲಿ ನಗು ಇಲ್ಲ, ಸಿಟ್ಟೂ ಇಲ್ಲ. ಕಣ್ಣು ನನ್ನ ಹೆಗಲ ಮೇಲಿಂದ ಹಾದು ರಸ್ತೆಯಲ್ಲಿ ನೆಟ್ಟಿತ್ತು. ರೆಪ್ಪೆ ಬಡಿಯಲಿಲ್ಲ.

“ಮಾಮಾ, ಒಳಗ ಬರ್ಲ್ಯಾ?” ಅಂತ ಕೇಳಿದೆ. ಕೈ ಚೌಕಟ್ಟು ಬಿಡಲಿಲ್ಲ. ಓಣಿಯವರೆಲ್ಲ ನೋಡುತ್ತಿದ್ದರು. ಕೊನೆಗೆ ಅತ್ತೆ ಹಿಂದಿನಿಂದ ಬಂದು, ಜೋಳದ ಚೀಲ ಸರಿಸಿದ ಹಾಗೆ, ಅವರ ಸೊಂಟ ಹಿಡಿದು ಪಕ್ಕಕ್ಕೆ ಸರಿಸಿದರು.

“ಅಪ್ಪನ ಸ್ವಭಾವನೇ ಹಂಗದ್ರಿ, ಮನಸಿಗಿ ಹಚ್ಕೋಬ್ಯಾಡ್ರಿ,” ಅಂದಳು ನನ್ನ ಹೆಂಡತಿ ಮಾದೇವಿ. ನಂಬಿದೆ.

ನಾನು ಔರಾದ್ ಕಡೆಯವನು, ಬೀದರ್ ಜಿಲ್ಲೆ. ಏಳನೇ ತರಗತಿಗೆ ಶಾಲೆ ಬಿಟ್ಟು ಟ್ರ್ಯಾಕ್ಟರ್ ಹೊಡೆದವನು. ಸಮುದ್ರ ದಾಟಿ ಹೋದವರು ಇಂಥದ್ದೆಲ್ಲ ಬರೆಯುತ್ತಾರೆ. ನಾನು ದಾಟಿದ್ದು ಒಂದು ಗಡಿ, ಬದಲಿಸಿದ್ದು ಎರಡು ಬಸ್ಸು. ಆದರೂ ಬರೆಯುತ್ತೇನೆ. ಯಾಕೆಂದರೆ ಊರಲ್ಲಿ ಎಲ್ಲರೂ ನಾನು ಮಹಾರಾಷ್ಟ್ರದಲ್ಲಿ ಮಾವನ ಹೊಲದಲ್ಲಿ ಆರಾಮಾಗಿದ್ದೇನೆ ಅಂದುಕೊಂಡಿದ್ದಾರೆ.

ನಮ್ಮಲ್ಲಿ ಮನೆ ಅಳಿಯ ಅಂತಾರಲ್ಲ, ಅದಕ್ಕೆ ಇಲ್ಲಿ ಘರಜಾವಯಿ ಅಂತಾರೆ. ಆ ಮಾತು ಹೇಳುವಾಗ ಗಡಿಯ ಎರಡೂ ಕಡೆ ಬಾಯಿ ಒಂದೇ ರೀತಿ ಸೊಟ್ಟಗಾಗುತ್ತದೆ. ಹೊಲದ ಆಸೆಗೆ ಬಂದೆ ಅಂತ ಜನ ಆಡಿಕೊಂಡರು. ಹೊಲದ ಆಸೆ ಇರಲಿಲ್ಲ ಅಂತಲ್ಲ, ಆದರೆ ನಾನು ಒಪ್ಪಿದ್ದು ಮಾವನನ್ನು ನೋಡಿ.

ಅವರು ದನ ಪಾರಖಿ ಮಾಡುವವರು, ಅಂದರೆ ಎತ್ತು ನೋಡಿ ಅದರ ಗುಣ ಹೇಳುವವರು. ಉದಗೀರದ ದನದ ಬಜಾರದಲ್ಲಿ ದೇವಣಿ ತಳಿಯ ಎತ್ತು ಕೊಳ್ಳಲು ಬಂದವರು ಅವರನ್ನು ಕರೆದುಕೊಂಡು ಹೋಗುತ್ತಿದ್ದರಂತೆ. ಕೊಂಬಿನಿಂದ ಗೊರಸಿನವರೆಗೆ ಒಂದೇ ನೋಟ. ನಾನು ಹೆಣ್ಣು ನೋಡಲು ಬಂದ ದಿನ ನನ್ನನ್ನೂ ಹಾಗೇ ಮೇಲಿಂದ ಕೆಳಗೆ ನೋಡಿ, “ಅಳಿಯಂದ್ರ, ಜರಾ ಹಲ್ಲ ತೋರಸ್ರಿ. ಎಷ್ಟ ಹಲ್ಲಾಗ್ಯಾವ ನೋಡ್ತೀನಿ,” ಅಂದರು.

“ಆರು ಹಲ್ಲಾಗ್ಯಾವ್ರಿ. ಗಳೇಕ ಹೂಡಬಹುದು,” ಅಂದೆ. ಎತ್ತಿನ ವಯಸ್ಸನ್ನು ಹಲ್ಲು ಎಣಿಸಿ ಹೇಳುತ್ತಾರೆ; ಆರು ಹಲ್ಲಿನದು ಗಳೇಕ, ಅಂದರೆ ನೇಗಿಲಿಗೆ, ತಯಾರು.

ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನನ್ನ ಅಪ್ಪ ನಾನು ಸಣ್ಣವನಿದ್ದಾಗಲೇ ಸತ್ತ. ನಮ್ಮ ಮನೆಯಲ್ಲಿ ನನ್ನ ಜೊತೆ ಯಾರೂ ಹಾಗೆ ಚ್ಯಾಷ್ಟಿ ಮಾಡಿದವರಲ್ಲ. ಹುಡುಗಿಯನ್ನು ಸರಿಯಾಗಿ ನೋಡುವ ಮೊದಲೇ ನಾನು ಹೂಂ ಅಂದಿದ್ದೆ.

ವಲಾಂಡಿಯ ಬದುಕು ನಮ್ಮ ಊರಿನ ಬದುಕೇ, ಆದರೆ ಎಲ್ಲದಕ್ಕೂ ಬೇರೆ ಹೆಸರು. ನಮ್ಮ ಜೋಳದ ರೊಟ್ಟಿ ಇಲ್ಲಿ ಭಾಕರಿ. ಪಲ್ಯ ಯಾವುದೇ ಇರಲಿ, ಶೇಂಗಾದ ಪುಡಿ ಬೀಳಲೇಬೇಕು. ಆರು ತಿಂಗಳು ನನಗೆ ಎಲ್ಲಾ ಪಲ್ಯವೂ ಒಂದೇ ರುಚಿ ಹತ್ತಿತು. ತೊಂಬತ್ಮೂರರ ಭೂಕಂಪ ಕಂಡ ಜನ ಕಲ್ಲಿನ ಮಾಳಿಗೆ ನಂಬುವುದಿಲ್ಲ. ನಮ್ಮ ಅತ್ತೆಯ ಮನೆಗೂ ಗೋಡೆ ಅರ್ಧ ಇಳಿಸಿ ಮೇಲೆ ಪತ್ರಾ ಹೊದಿಸಿದ್ದಾರೆ, ತಗಡು ಅನ್ನಿ. ಬೇಸಿಗೆಯಲ್ಲಿ ಒಳಗೆ ಬೇಯುತ್ತೇವೆ, ಮಳೆ ಬಂದರೆ ಮಾತು ಕೇಳುವುದಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕಟ್ಟೆಯ ಮೇಲೆ ಕೂತವರಿಗೆ ನಾನು “ಕಾನಡಿ ಜಾವಯಿ”, ಕನ್ನಡದ ಅಳಿಯ. ನನ್ನ ಹೆಸರು ಶಿವರಾಜ ಅಂತ ಅವರಿಗೆ ಬೇಕಾಗಿರಲಿಲ್ಲ. ನಿಲಂಗಾ ಸ್ಟ್ಯಾಂಡಿನಲ್ಲಿ ಒಮ್ಮೆ ಹೊರಟ ಬಸ್ಸಿಗೆ “ಥಾಂಬಾ ಕೀ” ಅಂತ ಕೂಗಿದೆ. ನಿಲ್ಲಿ ಅಂತ ಅರ್ಥ. ಬಸ್ಸು ನಿಂತಿತು. ಕಂಡಕ್ಟರ್ ನನ್ನನ್ನು ಬೈದದ್ದೂ ಮರಾಠಿಯಲ್ಲೇ, ಇಲ್ಲಿಯವನು ಅಂತ ತಿಳಿದು. ಆ ದಿನ ಖುಷಿಯಾಗಿತ್ತು.

ಮನೆಯಲ್ಲಿ ಮಾತ್ರ ಖುಷಿ ಇರಲಿಲ್ಲ. ಮೊದಲ ತಿಂಗಳು ಅತ್ತೆ “ಬರ್ರಿ, ಕೂಡ್ರಿ” ಅನ್ನುತ್ತಿದ್ದರು. ಎರಡನೇ ತಿಂಗಳಿಗೆ ರೀ ಹೋಯಿತು. ಮಾವನಂತೂ ಎದುರಿಗೆ ಕೂತು ಉಂಡರೂ ನನ್ನನ್ನು ನೋಡುತ್ತಿರಲಿಲ್ಲ. ನೇರವಾಗಿ ಸಾಲು ಹೊಡೆದು ಬಂದರೆ ಬದುವಿನ ಮೇಲೆ ಕಲ್ಲಿನ ಹಾಗೆ ಕೂತಿರುತ್ತಿದ್ದರು. ಚಲೋ ಅನ್ನಲಿಲ್ಲ, ಖರಾಬ್ ಅನ್ನಲಿಲ್ಲ. ಊರಿನವರು ಮಾತಾಡಿಸಲು ಬಂದರೆ “ಬ್ಯಾಡ” ಅಂತ ಒಳಗೆ ಹೋಗುತ್ತಿದ್ದರು. ಆದರೆ ಕೆಲವು ಸಲ ನಡು ಮಧ್ಯಾಹ್ನ ಕೊಟ್ಟಿಗೆಗೆ ಬಂದು ಎತ್ತಿನ ಕುತ್ತಿಗೆಯ ಗಂಗೆದೊಗಲು ತುರಿಸುತ್ತಾ ನನ್ನ ಜೊತೆ ನಗುನಗುತ್ತಾ ಮಾತಾಡುತ್ತಿದ್ದರು. ಮೂರು ಗಂಟೆಗೆ ಮತ್ತೆ ಅದೇ ಕಲ್ಲು. ಈ ಮನುಷ್ಯ ನನ್ನನ್ನು ಆಡಿಸುತ್ತಿದ್ದಾನೆ ಅನ್ನಿಸಿತು. ನನ್ನನ್ನು ಆರಿಸಿ ತಪ್ಪು ಮಾಡಿದೆ ಅಂತ ಪಶ್ಚಾತ್ತಾಪ ಪಡುತ್ತಿದ್ದಾನೆ ಅಂತಲೂ ಅನ್ನಿಸಿತು. ಹೀಗೆ ಒಂದೂವರೆ ವರ್ಷ ಕಳೆಯಿತು.

ತಿಂಗಳಿಗೊಮ್ಮೆ ಅತ್ತೆ ಅವರನ್ನು “ವಾಯು ಆಗ್ಯಾದ” ಅಂತ ಉದಗೀರಕ್ಕೆ ಕರೆದೊಯ್ಯುತ್ತಿದ್ದರು. ಒಂದು ಸಲ ಅತ್ತೆಗೇ ಜ್ವರ ಬಂದು ನಾನು ಹೋಗಬೇಕಾಯಿತು.

ಡಾಕ್ಟರು ಒಂದು ಕೈಯಲ್ಲಿ ಪೆನ್ನು ಹಿಡಿದರು, ಇನ್ನೊಂದರಲ್ಲಿ ಬೆರಳು ಎತ್ತಿದರು. ತಲೆ ಅಲುಗಿಸದೆ ಮೊದಲು ಪೆನ್ನು ನೋಡಿ, ಈಗ ಬೆರಳು ನೋಡಿ ಅಂದರು. ಇದೇನು ದೊಡ್ಡ ಕೆಲಸ ಅಂತ ನಾನೂ ನೋಡಿದೆ. ನನ್ನ ಕಣ್ಣು ಒಂದೇ ಜಿಗಿತಕ್ಕೆ ಹೋಯಿತು. ಮಾವನ ಕಣ್ಣು ಸ್ವಲ್ಪ ಹೋಯಿತು, ನಿಂತಿತು. ಮತ್ತೆ ಸ್ವಲ್ಪ ಹೋಯಿತು, ನಿಂತಿತು. ಬಜಾರಿನಲ್ಲಿ ಒಂದೇ ನೋಟಕ್ಕೆ ಎತ್ತು ಅಳೆದ ಕಣ್ಣು ಬೆರಳು ಮುಟ್ಟಲು ಎರಡು ಸಲ ನಿಂತಿತು.

ಡಾಕ್ಟರು ನನಗೆ ತಿಳಿಯಲಿ ಅಂತ ಮರಾಠಿಯನ್ನು ನಿಧಾನವಾಗಿ ಹೇಳಿದರು. ಪಾರ್ಕಿನ್ಸನ್, ಅಂದರೆ ಕಂಪವಾತ. ಮೆದುಳಿನಲ್ಲಿ ಡೋಪಮಿನ್ ಅನ್ನುವ ರಸ ಕಡಿಮೆಯಾಗುತ್ತದೆ. ಕಾಲು ಎತ್ತುವುದಕ್ಕೆ, ಕಣ್ಣು ಹೊರಳುವುದಕ್ಕೆ, ಮುಖದಲ್ಲಿ ನಗು ಮೂಡುವುದಕ್ಕೆ ಅದು ಬೇಕು. ಮನಸ್ಸಿಗೆ ಹುರುಪು ಬರಲಿಕ್ಕೂ ಬೇಕು. ಗುಳಿಗೆ ಹತ್ತಿದಾಗ ಎರಡು ತಾಸು, ಮೂರು ತಾಸು ಮನುಷ್ಯ ಸುಧಾರಿಸುತ್ತಾನೆ. ಆಮೇಲೆ ಇಳಿಯುತ್ತದೆ.

“ಕೈ ನಡಗೋದಿಲ್ಲಲ್ರಿ ಇವರದು?” ಅಂದೆ.

ಎಲ್ಲರಿಗೂ ನಡುಗುವುದಿಲ್ಲ ಅಂದರು.

“ನನ್ನ ಮ್ಯಾಲೆ ಸಿಟ್ಟದ ಅಂತ ತಿಳಿದಿದ್ದೆ.”

ಮನಸ್ಸಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ಮುಖ ನೋಡಿ ಮಾತ್ರ ತೀರ್ಮಾನ ಮಾಡಬೇಡ ಅಂದರು. ಎದೆಯ ಮೇಲಿನ ಭಾರ ಇಳಿಯಿತು. ಅಷ್ಟರಲ್ಲಿ ಅವರು ಹೊಸ ಗುಳಿಗೆ ಬರೆಯಲು ಹಳೇ ಚೀಟಿ ತೆಗೆದರು. ಅದರ ಮೇಲಿನ ತಾರೀಖು ನನ್ನ ಮದುವೆಗಿಂತ ಎರಡು ವರ್ಷ ಹಿಂದಿನದು.

ಮನೆಗೆ ಬಂದಾಗ ಮಾದೇವಿ ಹಿಟ್ಟು ನಾದುತ್ತಿದ್ದಳು.

“ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ನಾ ನಿನ್ನ ನೋಡ್ಲಾಕ ಬಂದ ದಿನ?”

ಹಿಟ್ಟಿನಿಂದ ಕೈ ತೆಗೆಯಲಿಲ್ಲ ಅವಳು. “ನೀವು ಬರೂಕಿಂತ ಒಂದ ತಾಸ ಮೊದಲ ಗುಳಿಗಿ ಕೊಟ್ಟಿದ್ವಿ. ಊಟ ಕೊಟ್ಟಿದ್ದಿಲ್ಲ. ಹೊಟ್ಟಿ ತುಂಬಿತಂದ್ರ ಗುಳಿಗಿ ಹತ್ತೂದಿಲ್ಲ.”

“ಹೇಳಬೇಕು ಅಂತ ಅನಸ್ಲಿಲ್ಲ?”

“ಹೇಳಿದ್ರ ಬರ್ತಿದ್ರೇನು?”

ನಾನು ಎದ್ದು ಹೊರಗೆ ಹೋದೆ. ಯಾರನ್ನು ನೋಡಿ ನನ್ನ ಊರು ಬಿಟ್ಟು ಬಂದೆನೋ ಅವನು ಎರಡು ತಾಸಿನ ಮನುಷ್ಯ. ಅವನು ಮಾತಾಡಿದ, ನಕ್ಕ, ನಾನು ಹೋದ ಮೇಲೆ ಮುಗಿದ.

ಮರು ವರ್ಷ ಮಾದೇವಿಯ ತಂಗಿ ಸುನಂದಾಳನ್ನು ನೋಡಲು ನಿಲಂಗಾದಿಂದ ಗಂಡಿನವರು ಬಂದರು. ಅಷ್ಟು ಹೊತ್ತಿಗೆ ಗುಳಿಗೆ ಕೊಡುವುದು ನನ್ನ ಕೆಲಸವಾಗಿತ್ತು. ಅತ್ತೆ ಬೆಳಿಗ್ಗೆಯೇ ಹೇಳಿದರು: “ಹನ್ನೊಂದಕ್ಕ ಪಾಹುಣ್ಯಾರು ಬರ್ತಾರ. ಹತ್ತಕ್ಕ ಗುಳಿಗಿ ಕೊಡು. ಏನೂ ತಿನ್ಸಬ್ಯಾಡ.” ಪಾಹುಣ್ಯಾರು ಅಂದರೆ ಬೀಗರು, ಬಂಧುಗಳು. ನನ್ನನ್ನು ಆ ಹೆಸರಿನಿಂದ ಅವರು ಕರೆದದ್ದು ಒಂದೇ ದಿನ.

ಹತ್ತಕ್ಕೆ ಕೊಟ್ಟೆ. ಹನ್ನೊಂದಕ್ಕೆ ಮಾವ ತಲೆಗೆ ಪಟಗ ಸುತ್ತಿಕೊಂಡು ಅಂಗಳಕ್ಕೆ ಬಂದರು. ಬಂದ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, “ಜರಾ ಹಲ್ಲ ತೋರಸ್ರಿ,” ಅಂದರು. ಹುಡುಗ ಬಿದ್ದು ಬಿದ್ದು ನಕ್ಕ. ಆ ಮಾತು ನನಗೊಬ್ಬನಿಗೇ ಆಡಿದ್ದು ಅಂದುಕೊಂಡಿದ್ದೆ.

ಪೋಹೆ, ನಮ್ಮ ಅವಲಕ್ಕಿ, ತಿಂದಾದ ಮೇಲೆ ಎತ್ತು ತೋರಿಸುವ ನೆಪದಲ್ಲಿ ಹುಡುಗನನ್ನು ಕೊಟ್ಟಿಗೆಗೆ ಕರೆದೊಯ್ದೆ. ನನಗೆ ಮಾಡಿದ್ದನ್ನು ಇನ್ನೊಬ್ಬನಿಗೆ ಮಾಡಲು ಬಿಡಬಾರದು ಅಂತಿತ್ತು. ಸುನಂದಾಳ ಲಗ್ನ ಮುರಿದರೂ ಮುರಿಯಲಿ.

“ನೋಡ್ರಿ, ಮಾವಗ ಕಂಪವಾತ ಅದ. ಈಗ ನೋಡಿದ್ದು ಗುಳಿಗಿ ಹತ್ತಿದ್ದು. ಎರಡ ತಾಸ ಬಿಟ್ಟು ನೋಡ್ರಿ.”

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. “ಗೊತ್ತದಲ್ರಿ. ನಿಮ್ಮ ಅತ್ತಿನೇ ಬಂದು ಹೇಳ್ಯಾರ. ನಮ್ಮ ಅಪ್ಪ ಜರಾ ಅಂಜಿದ್ರು, ನಾಳಿ ಎಲ್ಲಾ ನಮ್ಮ ಮ್ಯಾಲೇ ಬರ್ತದ ಅಂತ. ದೊಡ್ಡ ಅಳಿಯಾ ಮನ್ಯಾಗೇ ಇದ್ದಾನ, ಅವನೇ ಎಲ್ಲಾ ನೋಡ್ಕೋತಾನ ಅಂದ್ರು ನಿಮ್ಮ ಅತ್ತಿ.” ಎತ್ತಿನ ಬೆನ್ನು ಸವರಿದ. “ಪುಣ್ಯವಂತ್ರಿ ನೀವು.”

ಅವರ ಜೀಪು ಹೋದ ಮೇಲೆ ಮಾವನ ಎದುರು ನಿಂತೆ. ಗುಳಿಗೆ ಇನ್ನೂ ಇಳಿದಿರಲಿಲ್ಲ. ಬಾಜಿನ ಮೇಲೆ, ಹಗ್ಗದ ಮಂಚದ ಮೇಲೆ, ಕೂತಿದ್ದರು.

“ಅವರಿಗಿ ಹೇಳೀರಿ. ನನಗ್ಯಾಕ ಹೇಳ್ಲಿಲ್ಲ?”

ಕಣ್ಣಿಗೆ ಕಣ್ಣು ಕೊಟ್ಟು ನೋಡಿದರು. “ಅವರಿಗಿ ‘ಇಂವಾ ನೋಡ್ಕೋತಾನ’ ಅಂತ ತೋರಸ್ಲಾಕ ನೀ ಇದ್ದಿ. ನಿನಗ ತೋರಸ್ಲಾಕ ಯಾರಿದ್ರು?”

ಅವರು ಕೊಟ್ಟಿಗೆಯ ಕಡೆ ನೋಡಿದರು.

“ಜನ್ಮೆಲ್ಲಾ ಬಜಾರ ಮಾಡೀನಿ, ಶಿವರಾಜ. ಒಂದ ಎತ್ತಿನ ಖೋಡಿ ಮುಚ್ಚಿಲ್ಲ. ನನ್ನ ಖೋಡಿ ಒಂದೇ ಮುಚ್ಚೀನಿ.” ಖೋಡಿ ಅಂದರೆ ದನದ ದೋಷ, ಊನ.

“ಮತ್ತ ಇವತ್ತ ಯಾಕ ಗುಳಿಗಿ? ಅವರಿಗಿ ಗೊತ್ತಿತ್ತಲ್ಲ.”

“ಮಗಳಿನ ನೋಡ್ಲಾಕ ಬಂದೋರ ಮುಂದ ಹೆಣದಂಗ ಕೂಡ್ಲ್ಯಾ? ನಾ ಅಂದ್ರ ಇದು. ಅದು…”

ದನಿ ಸಣ್ಣದಾಯಿತು. ಕಣ್ಣು ನನ್ನಿಂದ ಸರಿದು ಕಂಬದ ಮೇಲೆ ನಿಂತಿತು. ತಪ್ಪಾಯಿತು ಅನ್ನುತ್ತಾರೇನೋ ಅಂತ ಕಾದೆ. ಅವರ ಮಾತು ಮುಗಿಯಿತೋ ಗುಳಿಗೆ ಮುಗಿಯಿತೋ ತಿಳಿಯಲಿಲ್ಲ.

ಅಣ್ಣನಿಗೆ ಫೋನು ಮಾಡಿ ಎಲ್ಲಾ ಹೇಳಿದೆ, ತಿರುಗಿ ಬರುತ್ತೇನೆ ಅಂದೆ. “ಎಲ್ಲಾರ ಮನ್ಯಾಗೂ ಒಂದಿಲ್ಲೊಂದು ಇರ್ತದೋ. ನಿನ್ನ ಖೋಲ್ಯಾಗ ಈಗ ಹುಡುಗ್ರು ಮಲಗ್ತಾರ,” ಅಂದ.

ಸುನಂದಾಳ ಮದುವೆಗೆ ಅಣ್ಣ ಬಂದ. ಬೀಗರ ಸಾಲಿನಲ್ಲಿ ಕೂತು ಉಂಡ. ಬಡಿಸಿದ್ದು ನಾನು. ಅತ್ತೆ ನಿಲಂಗಾದ ಹೆಂಗಸರಿಗೆ ನನ್ನನ್ನು ತೋರಿಸಿ, “ಅಳಿಯಾ ಅಲ್ರಿ, ನನ್ನ ಮಗಾನೇ ಇಂವಾ,” ಅಂದರು. ಮೊದಲ ವರ್ಷ ಆ ಒಂದು ಮಾತಿಗೆ ಎಷ್ಟು ಕಾದಿದ್ದೆ. ಈಗ ಕೇಳಿದರೆ, ಇವರು ಸುನಂದಾಳನ್ನು ಕೊಡುವಾಗ ಹೇಳಿದ ಮಾತಿನ ಸಾಕ್ಷಿಗೆ ನನ್ನನ್ನು ನಿಲ್ಲಿಸಿದ್ದಾರೆ ಅಂತ ಮಾತ್ರ ಅನ್ನಿಸಿತು.

ಅಣ್ಣ ಕೈ ತೊಳೆದು ಬಂದ. “ಉದಗೀರ ಬಸ್ಸಿಗಿ ಹೊತ್ತಾಯ್ತು. ನಡಿ, ನಾಕ ದಿನ ಇದ್ದು ಬರುವಂತಿ. ಅವ್ವಗ ನಿನ್ನ ಹಂಬಲ ಆಗ್ಯಾದ.”

ಗುಳಿಗೆಯ ಹೊತ್ತಾಗಿತ್ತು. “ಹತ್ತ ನಿಮಿಷ ತಡಿ,” ಅಂದೆ.

“ಬಸ್ಸು ನಿನ್ನ ಮಾವನ ಎತ್ತಿನ ಬಂಡಿ ಏನು, ತಡೀಲಾಕ?” ಅಂತ ನಗುತ್ತಾ ಬುತ್ತಿಯ ಚೀಲ ಹಿಡಿದು ಹೊರಟ. ನಾನು ರಸ್ತೆಯವರೆಗೂ ಹೋಗಲಿಲ್ಲ.

ಮಾವ ಮಾಂಡವದ ಕೆಳಗೆ, ಲಗ್ನದ ಚಪ್ಪರದಲ್ಲಿ, ಒಬ್ಬರೇ ಕೂತಿದ್ದರು. ಮಾತಾಡಿಸಲು ಬಂದವರು ಆ ಮುಖ ನೋಡಿ ಹಿಂದೆ ಸರಿಯುತ್ತಿದ್ದರು. ಗುಳಿಗೆ ನಾಲಿಗೆಯ ಮೇಲಿಟ್ಟು ನೀರಿನ ಗ್ಲಾಸು ಹಿಡಿದೆ. ಮಾಫ್ ಮಾಡಿದ್ದೇನೆ ಅಂತ ನಮ್ಮ ಊರಿನವರು ತಿಳಿಯಬಾರದು. ಮಾಡಿಲ್ಲ.

ನುಂಗಿದರು. ಕಣ್ಣು ಸ್ವಲ್ಪ ಸರಿಯಿತು, ನಿಂತಿತು, ಮತ್ತೆ ಸರಿದು ನನ್ನ ಮುಖಕ್ಕೆ ಬಂತು.

“ಉಂಡಿ ಏನು?” ಅಂದರು, ಕೇಳಿಸದಷ್ಟು ಸಣ್ಣ ದನಿಯಲ್ಲಿ.

“ಉಂಡೀನ್ರಿ,” ಅಂದೆ. ಉಂಡಿರಲಿಲ್ಲ.