ಟವೆಲ್ಲಿನೊಳಗಿನ ವಾಚು

ಕುರಿಯನ್ನು ಹಿಡಿದು ನೋಡುವ ಹಾಗೆ ದೊಡ್ಡಬೀರಪ್ಪನನ್ನು ನೋಡಿದರೆ, ಯಾವ ವ್ಯಾಪಾರಿಯೂ ತಟ್ಟನೆ ಜೇಬಿಗೆ ಕೈ ಹಾಕುವುದಿಲ್ಲ. ವಯಸ್ಸು ಅರವತ್ತು ದಾಟಿದೆ. ಅವನು ಒಪ್ಪುವುದಿಲ್ಲ, ಹಲ್ಲು ಒಪ್ಪುತ್ತವೆ. ನೆತ್ತಿಯ ಉಣ್ಣೆ ತೆಳುವಾಗಿದೆ, ಮೀಸೆಯದು ದಟ್ಟವಾಗಿದೆ. ಕಾಲು ಗಟ್ಟಿ, ಹೊಸಹಳ್ಳಿಯ ಬೀಳುಗಳಲ್ಲಿ ಮಂದೆಯ ಹಿಂದೆ ಸವೆದ ಕಾಲು. ಗುಣ ಸಾಧು, ಹಾಯುವುದಿಲ್ಲ, ಒದೆಯುವುದಿಲ್ಲ. ಐಬು ಒಂದೇ: ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಮುನಿಸು. ಇಷ್ಟು ಮಾಲಿಗೆ ಸಂತೆಯಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ. ಅವನ ಬೆಲೆಯೆಲ್ಲ ಇದ್ದದ್ದು ಬಲಗೈಯ ಐದು ಬೆರಳುಗಳಲ್ಲಿ.

ಅವನು ಕುರಿ ಸಂತೆಯ ದಲ್ಲಾಳಿ. ಅವನ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವ ರೂಢಿಯಿಲ್ಲ. ದಲ್ಲಾಳಿ ಹೆಗಲಿನ ಟವೆಲ್ಲನ್ನು ಕೈಯ ಮೇಲೆ ಇಳಿಬಿಡುತ್ತಾನೆ. ಮಾರುವವನು ಅದರೊಳಗೆ ಕೈ ತೂರಿಸಿ ದಲ್ಲಾಳಿಯ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದನೋ ಅಷ್ಟು ಸಾವಿರ. ಆಮೇಲೆ ಅದೇ ಟವೆಲ್ಲು, ಅದೇ ಕೈ, ಕೊಳ್ಳುವವನ ಬಳಿಗೆ. ಸುತ್ತ ನಿಂತವರಿಗೆ ಬಟ್ಟೆ ಅಲುಗಾಡುವುದಷ್ಟೇ ಕಾಣುತ್ತದೆ. ಮಾರುವವನ ತೊಂದರೆಯಾಗಲಿ ಕೊಳ್ಳುವವನ ಅವಸರವಾಗಲಿ ಹೊರಗೆ ಬೀಳುವುದಿಲ್ಲ. ದೊಡ್ಡಬೀರಪ್ಪನ ಬೆರಳಿಗೆ ಕಣ್ಣಿವೆ ಎಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಎಲ್ಲ ಕಡೆಯೂ ಹೇಳುತ್ತಿದ್ದರು. ಹೇಳಿದವರಲ್ಲಿ ಅರ್ಧ ಜನ ಅವನನ್ನು ಹೊಗಳಲು ಹೇಳಿದರು, ಇನ್ನರ್ಧ ಅವನ ಮುಂದೆ ಮೋಸ ನಡೆಯಲಿಲ್ಲವೆಂಬ ಸಿಟ್ಟಿಗೆ ಹೇಳಿದರು.

ಆ ಬೆರಳುಗಳು ಕಳೆದ ಮಾಗಿಯಲ್ಲಿ ಮಲಗಿಬಿಟ್ಟವು.

ಮೊದಲು ಜೋಮು. ಚಳಿಗೆ ಹೀಗೆ ಎಂದು ಕೈ ಕೊಡವಿದ. ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತು ಮಾತಾಡುತ್ತ ಹಂಚಿನ ಅಂಚು ಹಿಡಿದು ಸರಿಸಿದ. ಸುಟ್ಟ ವಾಸನೆ ಮೊದಲು ಬಡಿದದ್ದು ಹೆಂಡತಿ ಜಂಬಕ್ಕನ ಮೂಗಿಗೆ.

"ಅಯ್ಯೋ ಶಿವನ, ಕೈ ಸುಡಾಕತ್ತೈತಿ! ಗ್ಯಾನ ಎಲ್ಲೈತಿ ನಿಂದು?"

"ಸಂತ್ಯಾಗೈತಿ," ಎಂದು ನಗಾಡಿ ಅವನು ಎದ್ದ. ಕುರಿಹಟ್ಟಿಯ ಹಿಂದೆ ಹೋಗಿ ಬೆರಳುಗಳನ್ನು ಒಂದೊಂದಾಗಿ ಕಲ್ಲಿಗೆ ಒತ್ತಿದ. ಕಲ್ಲು ಇತ್ತು, ಬೆರಳೂ ಇತ್ತು, ನಡುವೆ ಏನೋ ಕಂಬಳಿ ಹಾಸಿದಂತಿತ್ತು. ಅವನ ಅಣ್ಣನಿಗೂ ಶುರುವಾದದ್ದು ಹೀಗೇ: ಮೊದಲು ಪಾದಕ್ಕೆ ಜೋಮು, ಆಮೇಲೆ ಗೊತ್ತೇ ಆಗದ ಒಂದು ಗಾಯ, ಆಮೇಲೆ ದಾವಣಗೆರೆಯ ಆಸ್ಪತ್ರೆ. ಹೋಗುವಾಗ ಎರಡು ಕಾಲಿತ್ತು, ಬರುವಾಗ ಒಂದು. ಹಾಗಾಗಿ ದೊಡ್ಡಬೀರಪ್ಪ ಡಾಕ್ಟರರ ಕಡೆ ತಲೆ ಹಾಕಲಿಲ್ಲ. ಹೋಗದಿದ್ದರೆ ಅವರು ಹೇಳುವಂತಿಲ್ಲ, ಹೇಳದಿದ್ದರೆ ರೋಗವೇ ಇಲ್ಲ. ವ್ಯಾಪಾರದಲ್ಲಿ ಎಂದೂ ಒಪ್ಪದ ತರ್ಕವನ್ನು ದೇಹದ ವಿಷಯಕ್ಕೆ ಒಪ್ಪಿಕೊಂಡ.

ಸಂತೆಯಲ್ಲಿ ಹೊಸ ಉಪಾಯ ಹೂಡಿದ. ಟವೆಲ್ಲಿನೊಳಗೆ ಕೈ ಕೊಟ್ಟು ಕಣ್ಣನ್ನು ಮಾರುವವನ ಮುಖಕ್ಕೆ ನೆಡುತ್ತಿದ್ದ. "ಗಟ್ಟಿ ಹಿಡಿಯಪಾ, ಇನ್ನೊಮ್ಮಿ ಹಿಡಿ" ಎನ್ನುತ್ತಿದ್ದ. "ಏನಣ್ಣಾ, ಬೆರಳು ಮುರೀಲೇನು?" ಎಂದು ಜನ ನಕ್ಕರು. ಅವನೂ ನಕ್ಕ. ಆದರೆ ಪ್ರತಿ ವ್ಯಾಪಾರ ಮುಗಿದಾಗಲೂ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಇಂದು ತಪ್ಪಲಿಲ್ಲ, ಮುಂದಿನ ಸಂತೆಗೆ ತಪ್ಪಿದರೆ? ಯಾರದೋ ಮನೆಯ ಮರಿಗಳು ಯಾವುದೋ ಬೆಲೆಗೆ ಹೋಗಿಬಿಟ್ಟರೆ?

ಇಂಥ ಹೊತ್ತಿನಲ್ಲಿ ಮಗ ಬೀರಲಿಂಗೇಶನಿಗೆ ಅಪ್ಪನ ಮೇಲೆ ಪ್ರೀತಿ ಉಕ್ಕಿತು. ಹರಪನಹಳ್ಳಿ ಕಡೆಯ ಗಾಳಿಯಂತ್ರಗಳಿಗೆ ಕ್ರೇನು ಬಾಡಿಗೆ ಬಿಡುವ ಆಸಾಮಿ ಅವನು. ಕೈಗೆ ದೊಡ್ಡ ಕಂಪನಿಯ ವಾಚು ಕಟ್ಟುತ್ತಾನೆ. ಎಲ್ಲಿಗೂ ಹೇಳಿದ ಹೊತ್ತಿಗೆ ಬರುವುದಿಲ್ಲ.

"ಅಪ್ಪಾ, ಜೀವಮಾನ ಪೂರಾ ಈ ಕೈಲೆ ದುಡಿದಿ. ಈ ಕೈಗೊಂದು ಚಲೋ ವಾಚು ಕಟ್ತೀನಿ. ನಡಿ ಹೊಸಪೇಟಿಗೆ."

"ನನಗ್ಯಾಕಲೇ ವಾಚು? ಕುರಿಗೆ ಹಸಿವಾದ್ರ ಅದ ಒದರತೈತಿ, ನನಗ ಟೈಮ್ ಗೊತ್ತಾಕ್ಕೈತಿ."

"ಟೈಮ್ ನೋಡಾಕ ಯಾರ್ ಕಟ್ತಾರ ಅಂತೀನಿ?" ಎಂದ ಮಗ. ಅವನ ಮಟ್ಟಿಗೆ ಅದು ನಿಜ.

ಹೊಸಪೇಟೆಯ ವಾಚಿನ ಅಂಗಡಿ ಒಳಗೆ ಮಾಗಿಗಿಂತ ತಣ್ಣಗಿತ್ತು. ಮುಡಿಯಲ್ಲಿ ಮಲ್ಲಿಗೆ ಮುಡಿದ ಹಡಗಲಿಯ ಹುಡುಗಿ ಸುಮಲತಾ ಕರಿ ಬಟ್ಟೆ ಹಾಸಿ ಅದರ ಮೇಲೆ ಎರಡು ವಾಚು ಇಟ್ಟಳು. ಒಂದು ಕಪ್ಪು ಮುಖದ್ದು, ದಪ್ಪ. ಮುಖದ ಸುತ್ತ ತಿರುಗುವ ಒಂದು ಬಳೆ.

"ಇದು ನೀರಾಗ ಮುಳುಗೋರ ವಾಚು ರೀ ಅಜ್ಜಾರ. ಇನ್ನೂರು ಮೀಟರ್ ಆಳಕ್ಕ ಹೋದ್ರೂ ಒಳಗ ಒಂದು ಹನಿ ನೀರು ಬರಂಗಿಲ್ಲ."

"ನಮ್ಮ ಹೊಲದ ಬೋರೂ ಅಷ್ಟ ಆಳ ಹೋಗೈತಿ ತಾಯಿ. ಅದ್ರಾಗೂ ಒಂದು ಹನಿ ಬಂದಿಲ್ಲ."

ಹುಡುಗಿ ನಕ್ಕು ಇನ್ನೊಂದನ್ನು ಮುಂದೆ ಸರಿಸಿದಳು. ನೀಲಿ ಮುಖ, ತೆಳ್ಳನೆಯ ಮೈ, ಒಳಗೆ ಮೂರು ಸಣ್ಣ ಮುಖಗಳು, ಪಕ್ಕದಲ್ಲಿ ಎರಡು ಗುಂಡಿ. "ಇದು ಕಾರ್ ರೇಸಿನೋರದು. ಗುಂಡಿ ಒತ್ತಿದ್ರ ಸೆಕೆಂಡಿನ ಲೆಕ್ಕ ಶುರು."

"ಇದನ್ನ ತಗಾ ಅಪ್ಪಾ," ಎಂದ ಮಗ. "ಅಂಗಿ ತೋಳಿನೊಳಗ ಸುಮ್ನ ಕುಂದ್ರತೈತಿ. ಅದು ನೋಡು, ಎಮ್ಮಿ ಮುಖ ಇದ್ದಂಗೈತಿ."

ನಿಜ ಹೇಳಬೇಕೆಂದರೆ ದೊಡ್ಡಬೀರಪ್ಪನಿಗೂ ನೀಲಿಯದೇ ಹಿಡಿಸಿತ್ತು. ಮಳೆ ಹೋದ ಮಾರನೆಯ ದಿನದ ಆಕಾಶದ ಬಣ್ಣ. ತೆಳ್ಳಗೆ, ಸದ್ದಿಲ್ಲದೆ, ಟವೆಲ್ಲಿನೊಳಗೆ ಯಾರಿಗೂ ಚುಚ್ಚದೆ ಇರುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಹುಡುಗಿ ಅಂದಳು:

"ಕಣ್ಣಿಗಿಂತ ಕೈಗೆ ಕೇಳ್ರಿ ಅಜ್ಜಾರ. ಈ ಚೈನು ನುಣುಪೈತಿ, ಈ ಚೈನು ಒರಟೈತಿ. ಬೆರಳಾಡಿಸಿ ನೋಡ್ರಿ, ಯಾವ್ದು ಇಷ್ಟ ಆಕ್ಕೈತಿ ಅದ ನಿಮ್ಮ ವಾಚು."

"ನಮ್ಮಪ್ಪಗ ಹಂಗ ಹೇಳಬ್ಯಾಡ್ರಿ ಮೇಡಂ, ಅವನ ಬೆರಳಿಗೆ ಕಣ್ಣದಾವ!" ಮಗನಿಗೆ ಹುರುಪು ಬಂತು. ಅಪ್ಪನ ಹೆಗಲಿನ ಟವೆಲ್ಲು ಎಳೆದು ಎರಡೂ ವಾಚುಗಳ ಮೇಲೆ ಹಾಕಿ, ಒಳಗೆ ಕೈಯಾಡಿಸಿ ಅದಲು ಬದಲು ಮಾಡಿದ. "ಸಂತಿ ಪದ್ಧತಿಲೆ ಆರಿಸ್ಲಿ. ಅಪ್ಪಾ, ಕೈ ಹಾಕು. ಯಾವ್ದು ಯಾವ್ದು ಅಂತ ಹೇಳಿ, ನಿನಗ ಬೇಕಾದ್ದು ಹೊರಗ ತೆಗಿ."

ಅಂಗಡಿಯ ಬೇರೆ ಗಿರಾಕಿಗಳೂ ತಿರುಗಿ ನಿಂತರು. ದೊಡ್ಡಬೀರಪ್ಪ ಕೈ ಹಾಕಿದ. ಒಳಗೆ ಏನೂ ಇರಲಿಲ್ಲ. ಇರಬೇಕು, ಮಗ ಇಟ್ಟಿದ್ದನ್ನು ಕಣ್ಣಾರೆ ಕಂಡಿದ್ದ. ಆದರೆ ನುಣುಪಿಲ್ಲ, ಒರಟಿಲ್ಲ, ತಂಪಿಲ್ಲ. ಮಗನ ಮುಖದಲ್ಲಿ ನಗು ತುಂಬಿತ್ತು. ಅದು ಇನ್ನೇನು ಆರುತ್ತದೆ, ಆರಿದ ಮೇಲೆ ಅಣ್ಣನನ್ನು ಕರೆದೊಯ್ದ ಅದೇ ಆಸ್ಪತ್ರೆಗೆ ತನ್ನನ್ನೂ ಕರೆದೊಯ್ಯುತ್ತಾನೆ. ಬೆರಳುಗಳನ್ನು ಕುರುಡಾಗಿ ಅತ್ತಿತ್ತ ಎಳೆದ. ಆಗ ಟವೆಲ್ಲಿನೊಳಗಿಂದ ಸಣ್ಣ ಸದ್ದು: ಕಟಕ್.

ತಿರುಗುವ ಬಳೆ. ಮತ್ತೊಮ್ಮೆ ಎಳೆದ. ಕಟಕ್, ಕಟಕ್.

"ಇದು ಕರೇದು," ಎಂದು ಹೊರಗೆ ತೆಗೆದ. "ನನಗ ಇದ ಇರಲಿ."

ಹುಡುಗಿ ಚಪ್ಪಾಳೆ ತಟ್ಟಿದಳು. ಮಗ ಎದೆಯುಬ್ಬಿಸಿದ. "ಎಡಗೈಗಲ್ಲ, ದುಡಿದ ಕೈಗೆ" ಎಂದು ತಾನೇ ಬಲಗೈಗೆ ಕಟ್ಟಿದ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ದೊಡ್ಡಬೀರಪ್ಪ ಚಹಾ ಆರಿ ಹೋಗುವವರೆಗೂ ಲೋಟ ಮುಟ್ಟಲಿಲ್ಲ. ಸಿಕ್ಕಿಬಿದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಸಿಕ್ಕಿಬೀಳದೆ ಚಪ್ಪಾಳೆ ಗಿಟ್ಟಿಸಿದ್ದೇ ಅವನನ್ನು ಒಳಗಿನಿಂದ ಅಲುಗಾಡಿಸಿತ್ತು.

ಮುಂದಿನ ಕೂಡ್ಲಿಗಿ ಸಂತೆ. ಹೊಸಹಳ್ಳಿಯ ಗಾದೆಪ್ಪ ಟಗರುಮರಿಗಳನ್ನು ಹೊಡೆದುಕೊಂಡು ಬಂದಿದ್ದ. ಕೊಳ್ಳಲು ನಿಂತವನು ಇದನ್ನು ಬರೆಯುತ್ತಿರುವ ಕೊಟ್ಟೂರಿನ ವ್ಯಾಪಾರಿ. ಗಾದೆಪ್ಪನ ಬಾಯಿಗೆ ಮೊದಲು ಸಿಕ್ಕವನೂ ಅವನೇ.

"ಏನ್ ಸಾವಕಾರ್ರ, ಎಡಗಾಲಿನ ಚಪ್ಪಲಿ ಯಾರಿಗೆ ದಾನ ಕೊಟ್ರಿ?"

ವ್ಯಾಪಾರಿ ಕೆಳಗೆ ನೋಡಿಕೊಂಡ. ಚಪ್ಪಲಿ ಹಿಂದೆಲ್ಲೋ ಕುರಿಹಿಕ್ಕೆಯ ನಡುವೆ ಬಿದ್ದಿತ್ತು. ಬರಿಗಾಲಲ್ಲಿ ನಡೆದು ಬಂದದ್ದು ಅವನಿಗೇ ತಿಳಿದಿರಲಿಲ್ಲ. ಜನ ನಕ್ಕರು. ಆಮೇಲೆ ಸರದಿ ದೊಡ್ಡಬೀರಪ್ಪನದು.

"ಬೀರಪ್ಪಣ್ಣಾ, ಕೈಗೆ ಬೇಡಿ ಹಾಕ್ಯಾರಲ್ಲ! ಪೊಲೀಸರೋ, ಮಗನೋ?"

"ಮಗ. ಪೊಲೀಸರಾದ್ರ ಬಿಚ್ಚತಿದ್ರು. ಬಾ, ಕೈ ತಾ."

ಟವೆಲ್ಲು ಇಳಿಯಿತು. ಗಾದೆಪ್ಪನ ಕೈ ಒಳಗೆ ಬಂತು. ದೊಡ್ಡಬೀರಪ್ಪ ಎಂದಿನಂತೆ ಮುಖ ಓದಲು ನೋಡಿದ. ಗಾದೆಪ್ಪ ಕತ್ತೆತ್ತಿ ಮೋಡ ನೋಡುತ್ತಿದ್ದ. ಓದಲು ಅಲ್ಲೇನೂ ಇರಲಿಲ್ಲ. ಕಂಬಳಿಯ ಆಚೆಯಿಂದ ಯಾರೋ ಮುಟ್ಟಿದ ಹಾಗೆ ಒಂದು ಒತ್ತು. ಮೂರೋ? ನಾಲ್ಕೋ? ನಾಲ್ಕಿರಬೇಕು. ಇಂಥ ಮರಿಗೆ ತಲಾ ನಾಲ್ಕು ಸಾವಿರ ಕೇಳುವುದು ಸಂತೆಯ ರೂಢಿ. ನಾಲ್ಕು ಎಂದೇ ಗಟ್ಟಿಮಾಡಿಕೊಂಡು, ಗಾದೆಪ್ಪನ ಹಿಡಿತ ಇನ್ನೂ ಇದೆಯೆಂದುಕೊಂಡು ಕೊಳ್ಳುವವನ ಕಡೆ ತಿರುಗುವಷ್ಟರಲ್ಲಿ, ಒಳಗಿನಿಂದ ಸದ್ದು ಬಂತು.

ಕಟಕ್. ಕಟಕ್. ಕಟಕ್.

"ಏನಣ್ಣಾ ಇದು, ತಿರುಗತೈತಲ್ಲ!" ಎಂದ ಗಾದೆಪ್ಪ. ಚಿಕ್ಕ ಹುಡುಗನ ಹಾಗೆ ವಾಚಿನ ಬಳೆ ತಿರುಗಿಸುತ್ತಿದ್ದ.

ದೊಡ್ಡಬೀರಪ್ಪ ಟವೆಲ್ಲಿನ ಕಡೆ ನೋಡಿದ. ಹಾಗಾದರೆ ಗಾದೆಪ್ಪನ ಕೈ ತನ್ನ ಬೆರಳಿನ ಮೇಲೆ ಇಲ್ಲ. ಯಾವಾಗ ಬಿಟ್ಟ? ಹಿಡಿದ ಭಾವ ಹಾಗೇ ಇತ್ತು, ಕೈ ಮಾತ್ರ ಇರಲಿಲ್ಲ. ಇಲ್ಲದ ಕೈಯಿಂದ ಬೆಲೆ ಓದಿ ಕೊಳ್ಳುವವನಿಗೆ ದಾಟಿಸಲು ಹೊರಟಿದ್ದ.

"ಇನ್ನೊಮ್ಮಿ ಹಿಡಿ" ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂಗಡಿಯಲ್ಲಿ ಪಾರಾದಂತೆ ಇಲ್ಲೂ ಪಾರಾಗುತ್ತಿದ್ದ. ಆದರೆ ಇಲ್ಲಿ ಹೋಗುತ್ತಿದ್ದುದು ಇನ್ನೊಬ್ಬರ ಮನೆಯ ಮರಿಗಳು. ಅವನು ಟವೆಲ್ಲನ್ನು ಎಳೆದು ಕೆಳಗೆ ಹಾಕಿದ. ನಡುವ್ಯಾಪಾರದಲ್ಲಿ ಟವೆಲ್ಲು ಎಳೆದವರನ್ನು ಆ ಸಂತೆ ಕಂಡಿರಲಿಲ್ಲ.

"ಗಾದೆಪ್ಪಾ, ನನ್ನ ಬೆರಳು ಯಾವಾಗ ಬಿಟ್ಟಿ?"

"ಆಗಲೇ ಬಿಟ್ಟೆನಲ್ಲಣ್ಣಾ. ಯಾಕ?"

"ನನಗ ಗೊತ್ತಾಗಲಿಲ್ಲ. ಹಿಡಿದದ್ದೂ ಸರಿಯಾಗಿ ಗೊತ್ತಾಗಲಿಲ್ಲ. ಮಾಗಿಯಿಂದ ಹಿಂಗ ಐತಿ. ಬೆರಳು ಸತ್ತಾವಪಾ."

ಪಕ್ಕದಿಂದ ಇನ್ನೊಬ್ಬ ದಲ್ಲಾಳಿ ಮರುಳಪ್ಪನ ದನಿ: "ಹಂಗಾರ ಹೋದ ಸಂತ್ಯಾಗ ಹೇಳಿದ ಬೆಲಿ ಯಾರದು? ದೇವ್ರದಾ?"

"ಮುಖ ನೋಡಿ ಹೇಳಿದ್ದು," ಎಂದ ದೊಡ್ಡಬೀರಪ್ಪ. "ಯಾರಿಗೆ ತಪ್ಪೈತೋ ಬರ್ರಿ. ಇಲ್ಲೇ ನಿಂತಿರ್ತೀನಿ."

ಯಾರೂ ಬರಲಿಲ್ಲ. ಮರುಳಪ್ಪ ಮಾತ್ರ ತನ್ನ ಟವೆಲ್ಲು ಕೊಡವಿಕೊಂಡ, ಸರದಿ ಬಂತೆನ್ನುವ ಹಾಗೆ.

ಗಾದೆಪ್ಪ ಬಗ್ಗಿ ಕೆಳಗೆ ಬಿದ್ದ ಟವೆಲ್ಲು ಎತ್ತಿದ. ಧೂಳು ಝಾಡಿಸಿದ. "ಕಿವಿ ಅರ ಅದಾವಿಲ್ಲೋ ನಿನಗ?"

"ಕಿವಿ ಅದಾವ."

"ಹಂಗಾರ ಬಗ್ಗು."

ಟವೆಲ್ಲನ್ನು ತನ್ನ ತಲೆಗೂ ಅವನ ತಲೆಗೂ ಸೇರಿಸಿ ಹೊದ್ದು, ಗಾದೆಪ್ಪ ಅವನ ಕಿವಿಯಲ್ಲಿ ಬೆಲೆ ಹೇಳಿದ. ಮೂರಲ್ಲ, ನಾಲ್ಕಲ್ಲ. ಐದು. ಆಗ ಟವೆಲ್ಲಿನೊಳಗೆ ಗಾದೆಪ್ಪ ಅವನ ಇಡೀ ಕೈಯನ್ನೇ ಹಿಡಿದಿದ್ದ. ಬಟ್ಟೆಯಡಿಯ ಬಿಸಿಯಲ್ಲಿ, ಹೊಗೆಸೊಪ್ಪಿನ ವಾಸನೆಯಲ್ಲಿ, ಆ ಮಾತು ಕೇಳಿ ದೊಡ್ಡಬೀರಪ್ಪ ಕೈ ಮಡಚಿ ಬಿಚ್ಚಿ ನೋಡಿಕೊಂಡ. ಗಾದೆಪ್ಪ ತೋಳು ಹಿಡಿದುಕೊಂಡ. ತೋಳು ಹಿಡಿದದ್ದು ಅವನಿಗೆ ಗೊತ್ತಾಯಿತು.

ಅಪ್ಪ ಮನೆ ಸೇರುವ ಮೊದಲೇ ಮಗನಿಗೆ ಸುದ್ದಿ ಮುಟ್ಟಿತ್ತು. ಈ ಸಲ ಬೀರಲಿಂಗೇಶ ಹೊತ್ತಿಗೆ ಸರಿಯಾಗಿ ಬಂದ. ಕೂಡ್ಲಿಗಿಯ ಡಾಕ್ಟರು ರಕ್ತ ನೋಡಿ, ಶುಗರ್ ಬಂದು ಬಹಳ ದಿನವಾಗಿದೆ ಎಂದರು. ಮದ್ದಿಗೆ ರೋಗ ಇಲ್ಲಿಗೇ ನಿಲ್ಲಬಹುದು; ಸತ್ತ ಬೆರಳು ಎದ್ದು ಬರುತ್ತವೆಂದು ಮಾತು ಕೊಡಲಿಲ್ಲ. ಜಂಬಕ್ಕ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. ಮುನಿಸು ಈಗ ವರ್ಷಪೂರ್ತಿ. ಮಗ ವಾಚು ಬದಲಿಸಿ ನೀಲಿಯದು ತರುತ್ತೇನೆಂದ. "ಬ್ಯಾಡ," ಎಂದ ದೊಡ್ಡಬೀರಪ್ಪ, "ನೀಲೇದು ಬಾಯಿ ಬಿಡ್ತಿರಲಿಲ್ಲ." ಗಿರಾಕಿಗಳಲ್ಲಿ ಅರ್ಧ ಜನ ಮರುಳಪ್ಪನ ಕಡೆ ಹೋದರು. ಉಳಿದವರು ಅವನೊಡನೆ ಟವೆಲ್ಲು ಹೊದ್ದು ಕಿವಿಯಲ್ಲಿ ಬೆಲೆ ಹೇಳುತ್ತಾರೆ. ನೋಡುವವರಿಗೆ ನೆಗಡಿಗೆ ಹಬೆ ಹಿಡಿದಂತೆ ಕಾಣುತ್ತದೆ. ದಿನಾ ಬೆಳಿಗ್ಗೆ ಕುರಿಹಟ್ಟಿಯ ಹಿಂದೆ ಹೋಗಿ ಒಂದೊಂದೇ ಬೆರಳನ್ನು ಕಲ್ಲಿಗೆ ಒತ್ತಿ ನೋಡುವುದನ್ನು ಮಾತ್ರ ಅವನು ಬಿಟ್ಟಿಲ್ಲ. ಹೆದರಿಕೆ ಹೋಗಿಲ್ಲ. ಇದನ್ನೂ, ಮೇಲಿನದೆಲ್ಲವನ್ನೂ ಅವನೇ ಹೇಳಿದ್ದು.

ಚಪ್ಪಲಿ ಬಿದ್ದದ್ದು ತಿಳಿಯದೆ ನಿಂತಿದ್ದ ವ್ಯಾಪಾರಿ ಆ ಸಂತೆಯ ಮಾರನೆಯ ಬೆಳಿಗ್ಗೆ ಮನೆಯಲ್ಲಿ ಹೇಳದೆ ಅದೇ ಡಾಕ್ಟರರ ಬಳಿ ಹೋದ. ಅವರು ಅವನ ಎಡಗಾಲಿನ ಹೆಬ್ಬೆರಳಿನ ಅಡಿಯಿಂದ ಒಂದು ಜಾಲಿಮುಳ್ಳು ತೆಗೆದರು. ಸುತ್ತಲೂ ಕೀವು ಕಟ್ಟಿತ್ತು. ಇನ್ನೂ ತಡವಾಗಿದ್ದರೆ ಕತ್ತರಿಸಬೇಕಿತ್ತು ಎಂದರು. ಆ ಹೆಬ್ಬೆರಳು ಇನ್ನೂ ನನ್ನ ಕಾಲಲ್ಲಿದೆ. ದೊಡ್ಡಬೀರಪ್ಪನಿಗೆ ನಾನು ಅಷ್ಟು ಬಾಕಿ.