ಮಳೆ ಅಳೆಯುವ ಲಕ್ಕಯ್ಯ ಸಮುದ್ರ ನೋಡಿದ್ದು

ಕಳಸದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲಕ್ಕಯ್ಯ ಹದಿನೇಳು ವರ್ಷದಿಂದ ಮಳೆ ಅಳೆಯುತ್ತಿದ್ದ. ಅಗೆತ, ಕೊಯ್ಲು ಎಲ್ಲ ಆಳುಗಳಂತೆ ಅವನಿಗೂ ಇತ್ತು. ಆದರೆ ಬೆಳಿಗ್ಗೆ ಎಂಟರ ಗಂಟೆ ಹೊಡೆದರೆ ಕತ್ತಿ ಅಲ್ಲೇ ಬಿಟ್ಟು ಬಂಗಲೆಯ ಅಂಗಳಕ್ಕೆ ಓಡುತ್ತಿದ್ದ. ಅಲ್ಲಿ ನೆಲದಲ್ಲಿ ಹೂತಿದ್ದ ತಾಮ್ರದ ಡಬ್ಬಿಯ ನೀರನ್ನು ಗೆರೆ ಕೊರೆದ ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಇಂಚೆಷ್ಟು, ಇಂಚಿನ ನೂರನೇ ಪಾಲಾದ ಸೆಂಟೆಷ್ಟು ಎಂದು ಲೆಕ್ಕ ಬರೆಯುವ ರೈಟರ್ ಓಂಕಾರಮೂರ್ತಿಗೆ ಕೂಗಿ ಹೇಳುತ್ತಿದ್ದ. ಎಸ್ಟೇಟು ಮಾರಿ ಹೋದ ಬಿಳಿ ದೊರೆ ಕಲಿಸಿಕೊಟ್ಟ ವಿದ್ಯೆ. ಅಕ್ಷರ ಬಾರದ ಲಕ್ಕಯ್ಯನಿಗೆ ಆ ಗೆರೆಗಳು ಮಾತ್ರ ಬರುತ್ತಿದ್ದವು. ಜ್ವರ ಬಂದಾಗ ಕಂಬಳಿ ಹೊದ್ದು ಹೋಗಿ ಅಳೆದ. ಮಗಳ ಮದುವೆಯ ದಿನ ಮದುಮಗನನ್ನು ಕಾಯಿಸಿ ಅಳೆದ. ಇಷ್ಟು ಹೆಮ್ಮೆ ಒಳ್ಳೆಯದಲ್ಲ ಅಂತ ಯಾರಾದರೂ ಹೇಳಬೇಕಿತ್ತು, ಯಾರೂ ಹೇಳಲಿಲ್ಲ.

ಮೂವತ್ತೊಂಬತ್ತನೇ ಇಸವಿಯ ಯುಗಾದಿಗೆ ಸ್ವಲ್ಪ ಮುಂಚಿನ ಮಾತು. ಕೊಯ್ಲು ಮುಗಿದು ಕಾಫಿ ಮಂಗಳೂರಿಗೆ ಹೋಗಿತ್ತು, ಗಿಡ ಮೊಗ್ಗು ಕಟ್ಟಿತ್ತು. ಮೊಗ್ಗು ಅರಳಿಸುವ ಹೂಮಳೆ ಬರುವ ತನಕ ಮುಗಿಲು ನೋಡುವುದು ಬಿಟ್ಟರೆ ಕೆಲಸವಿಲ್ಲ. ನೋಡಿ ನೋಡಿ ಬೇಸತ್ತ ಸಾಹುಕಾರ ಚಂದ್ರಶೇಖರಯ್ಯ, ಹೆಂಡತಿ ವಿಮಲಮ್ಮನ ಜೊತೆ ಮಲ್ಪೆಗೆ ಹೋಗಿ, ಮೂರು ದಿನ ಹಾಯಿದೋಣಿ ಬಾಡಿಗೆ ಹಿಡಿದು ಕಡಲ ದಂಡೆ ಸುತ್ತಿ ಬರುವುದೆಂದು ಹೊರಟರು. ಹೋಗಿ ಬರುವುದೂ ಸೇರಿ ಐದು ದಿನ. ಸಾಮಾನು ಹೊರಲು ಲಕ್ಕಯ್ಯ ಬರಬೇಕು. ಒಲ್ಲೆ ಎನ್ನಲು ಅವನಿಗೆ ಬಾಯಿ ಎಲ್ಲಿತ್ತು?

ಮಳೆ ಬಂದರೆ ತಾನು ಅಳೆಯುತ್ತೇನೆಂದು ಓಂಕಾರಮೂರ್ತಿ ಹೇಳಿದ. ಲಕ್ಕಯ್ಯ ತಲೆಯಾಡಿಸಿದ. ಆದರೆ ರೈಟರ ಕೈಗೆ ಗಾಜು ಕೊಡಲು ಅವನ ಜೀವ ಒಪ್ಪಲಿಲ್ಲ. ಒಣಗಾಳಿ ಬೀಸುತ್ತಿದೆ, ಐದು ದಿನದಲ್ಲಿ ಎಲ್ಲಿಯ ಮಳೆ ಎಂದುಕೊಂಡು ಗಾಜನ್ನು ಪಂಚೆಯಲ್ಲಿ ಸುತ್ತಿ ತನ್ನ ಗಂಟಿಗೇ ಸೇರಿಸಿದ. ನಸುಕಿನಲ್ಲಿ ಹೊರಡುವಾಗ ಹೆಂಡತಿ ಅಣ್ಣಮ್ಮ ಬಾಗಿಲಿಗೆ ಬಂದಳು. ಅವಳು ಘಟ್ಟ ಇಳಿದವಳಲ್ಲ. ವರ್ಷ ವರ್ಷ ಕೆಳಗಿನಿಂದ ಕೆಲಸಕ್ಕೆ ಬರುವ ಹೆಂಗಸರ ಬಾಯಲ್ಲಿ ಸಮುದ್ರದ ಸುದ್ದಿ ಕೇಳಿ ಕೇಳಿ ಆಸೆ ಬೆಳೆಸಿಕೊಂಡವಳು.

"ನನ್ನ ಪಾಲಿಂದೂ ನೀವೇ ನೋಡ್ಕಂಡು ಬನ್ನಿ," ಅಂದಳು. "ಬಂದು ಒಂದೂ ಬಿಡ್ದೆ ಹೇಳ್ಬೇಕು."

ಹೂಂ ಎಂದು ಹೊರಟ.

ಮೊದಲ ದಿನ ದೋಣಿ ಕಾಪುವಿನ ಕಡೆ ಹೋಯಿತು. ಬಂಡೆಗಳ ನಡುವೆ ಅಡಗಿದ್ದ ಪುಟ್ಟ ದಂಡೆಯಲ್ಲಿ ಇಳಿದು ವಿಮಲಮ್ಮ ಚಿಪ್ಪು ಆರಿಸಿದರು. ಲಕ್ಕಯ್ಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ದೋಣಿಯಲ್ಲೇ ಕೂತಿದ್ದ. ದೂರ ಕಡಲಿಗೆ ಹೋದವರು ಕುದುರೆಮುಖದ ನೆತ್ತಿಯನ್ನೇ ಗುರುತಿಟ್ಟು ದಡಕ್ಕೆ ತಿರುಗುತ್ತಾರೆಂದು ದೋಣಿಯವನು ಪೂರ್ವಕ್ಕೆ ಕೈ ತೋರಿಸಿದ. ತನ್ನೂರಿನ ಗುಡ್ಡ ಇಲ್ಲಿಗೂ ಕಾಣುವುದು ಕಂಡು ಲಕ್ಕಯ್ಯ ಬೆರಗಾದ. ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಆ ಕಡೆಯಿಂದ ಕಣ್ಣು ಕೀಳಲಿಲ್ಲ.

ಎರಡನೇ ದಿನ ಮಧ್ಯಾಹ್ನ, ಕಂಬ ಕಂಬವಾಗಿ ಕಲ್ಲು ನಿಂತ ದ್ವೀಪವೊಂದಕ್ಕೆ ಇಳಿದಿದ್ದಾಗ ಆ ನೆತ್ತಿಯ ಮೇಲೆ ಕರಿಮೋಡ ಕೂತಿತು.

"ಅಯ್ಯಾ, ಅಲ್ಲಿ ಮಳೆ ಹೊಡೀತಾ ಅದೆ," ಎಂದ ಲಕ್ಕಯ್ಯ.

"ಹೊಡೀಲಿ ಮಾರಾಯ, ಅದನ್ನೇ ಅಲ್ವ ಕಾಯ್ತಿದ್ದಿದ್ದು," ಎಂದು ಚಂದ್ರಶೇಖರಯ್ಯ ನಕ್ಕರು.

ಗಾಜು ತನ್ನ ಗಂಟಿನಲ್ಲಿದೆ ಎಂದು ಹೇಳಲು ಲಕ್ಕಯ್ಯನಿಗೆ ನಾಲಿಗೆ ಹೊರಳಲಿಲ್ಲ. ಇವತ್ತಿನ ಮಳೆಗೆ ನಾಳೆಯದು ಬೆರೆತರೆ ಯಾವ ದಿನದ್ದು ಎಷ್ಟೆಂದು ಬ್ರಹ್ಮನೂ ಹೇಳಲಾರ. ಹದಿನೇಳು ವರ್ಷದ ಲೆಕ್ಕ ನೀರುಪಾಲು, ಅದೂ ತನ್ನ ಕೈಯಿಂದಲೇ. ಅಲ್ಲಿಂದ ಅವನು ಕಾಲು ಸುಟ್ಟ ಬೆಕ್ಕಾದ. ಓಲಾಡುವ ದೋಣಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಎದ್ದು ಎದ್ದು ದೋಣಿಯವನಿಂದ ಬೈಸಿಕೊಂಡ. ಮಗ್ಗುಲಲ್ಲೇ ಮೀನಿನ ಹಿಂಡು ಹಾರಿದಾಗ ವಿಮಲಮ್ಮ ಕರೆದು ತೋರಿಸಿದರು. ಹೌದಮ್ಮಾ ಎಂದನೇ ಹೊರತು ತಿರುಗಲಿಲ್ಲ. ಮೂರನೇ ದಿನ ಅವರು ಇಳಿದ ದಂಡೆ ಬಿಳಿಯೋ ಕಪ್ಪೋ ಅವನಿಗೆ ತಿಳಿಯದು.

ಕಾರು ಎಸ್ಟೇಟು ಸೇರಿದಾಗ ಸಂಜೆಯಾಗಿತ್ತು, ಮಣ್ಣಿನ್ನೂ ಒದ್ದೆಯಿತ್ತು. ಸಾಮಾನು ಇಳಿಸಿದವನೇ ಡಬ್ಬಿಯ ಹತ್ತಿರ ಓಡಿದ. ಒಳಗೆ ಒಂದು ತೊಟ್ಟೂ ಇಲ್ಲ. ಗಾಜು ಸಿಗದಿದ್ದಕ್ಕೆ ತಾನು ಕೈಬಿಟ್ಟೆನೆಂದು ಓಂಕಾರಮೂರ್ತಿ ಸಿಡುಕಿದ. ಲಕ್ಕಯ್ಯ ಕಾಲೆಳೆದುಕೊಂಡು ಕೂಲಿಲೈನಿನ ತನ್ನ ಮನೆಗೆ ಬಂದ.

ಗೋಡೆಯ ಗೂಡಿನಲ್ಲಿ ಐದು ಸೀಸೆ ಸಾಲಾಗಿ ನಿಂತಿದ್ದವು. ಒಂದೊಂದರ ಬಾಯಿಗೂ ಬಟ್ಟೆ ತುರುಕಿತ್ತು.

"ಮೊದಲ್ನೇದು ಬಾಗ್ಲ ಕಡೇದು," ಅಂದಳು ಅಣ್ಣಮ್ಮ. "ಗಂಟೆ ಹೊಡ್ದ ಕೂಡ್ಲೆ ಸುರ್ಕಂಡು ಬಂದೀನಿ. ಮಳೆ ಬರ್ದಿದ್ದ ದಿನದ್ದೂ ಮುಚ್ಚಿಟ್ಟೀನಿ, ದಿನ ತಪ್ಪಬಾರ್ದಲ್ಲ."

ಮೂರು ಖಾಲಿ ಸೀಸೆಗಳನ್ನು ಕೂಡ ಅವನು ಗಾಜಿಗೆ ಬಗ್ಗಿಸಿ ನೋಡಿದ. ನಾಲ್ಕನೆಯದು ಒಂದು ಇಂಚು ಎಂಟು ಸೆಂಟು. ಐದನೆಯದು ಹನ್ನೊಂದು ಸೆಂಟು. ಇಷ್ಟು ವರ್ಷ ಒಂದು ದಿನವೂ ಇವಳನ್ನು ಆ ಡಬ್ಬಿ ಮುಟ್ಟಲು ಬಿಟ್ಟಿರಲಿಲ್ಲ.

ಅಣ್ಣಮ್ಮ ಎದುರಿಗೆ ಬಂದು ಕಾಲು ಮಡಚಿ ಕೂತಳು. "ಈಗ ಹೇಳಿ. ಸಮುದ್ರ ಹೆಂಗಿತ್ತು?"

ಲಕ್ಕಯ್ಯ ಬಾಯಿ ತೆರೆದ. ಅಲ್ಲಿಂದ ಕುದುರೆಮುಖ ನೀಲಿಯಾಗಿ ಕಾಣುವುದನ್ನು ಹೇಳಿದ, ಮೋಡ ಯಾವ ಮಗ್ಗುಲಿಂದ ಏರಿತೆಂದು ಹೇಳಿದ.

"ಅದು ನಂಗೆ ಇಲ್ಲಿಂದ್ಲೇ ಕಾಣ್ತದೆ. ಸಮುದ್ರದ್ದು ಹೇಳಿ."

ಅವನಿಗೆ ನೀರಿನ ಬಣ್ಣವೂ ನೆನಪಿಗೆ ಬರಲಿಲ್ಲ. ಅಣ್ಣಮ್ಮ ಸೀಸೆಗಳನ್ನು ತೊಳೆಯಲು ಎತ್ತಿಕೊಳ್ಳುತ್ತ, "ಗಾಜು ನಿಮ್ಮತ್ರಾನೇ ಇತ್ತಲ್ಲ," ಅಂದಳು. "ಗುಟುಕು ನೀರಾದ್ರೂ ತರ್ಬಹುದಿತ್ತು."

ಲಕ್ಕಯ್ಯನಿಗೆ ನಾಚಿಕೆಯಾಯಿತು, ಭೂಮಿಗಿಳಿದು ಹೋಗುವಷ್ಟು ನಾಚಿಕೆ. ಮರುದಿನವೇ ಹೋಗಿ, ಮುಂದಿನ ವರ್ಷ ವಿಮಲಮ್ಮನವರ ಜೊತೆ ಅಣ್ಣಮ್ಮ ಬರಲಿ, ತಾನು ಇಲ್ಲೇ ಇರುತ್ತೇನೆಂದು ಸಾಹುಕಾರರನ್ನು ಬೇಡಿಕೊಂಡ. ಆಗಲಿ ಎಂದರು ಅವರು. ಆದರೆ ಅಷ್ಟರಲ್ಲಿ ಯುದ್ಧ ಬಂತು, ಪೆಟ್ರೋಲು ಸಿಗುವುದು ಕಷ್ಟವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಚಂದ್ರಶೇಖರಯ್ಯನವರಿಗೆ ದೋಣಿಯ ಹುಚ್ಚು ಬಿಟ್ಟಿತ್ತು. ಪ್ರತಿ ಯುಗಾದಿಗೂ ಲಕ್ಕಯ್ಯ ಹೋಗಿ ನೆನಪು ಮಾಡುತ್ತಿದ್ದ. ಅಣ್ಣಮ್ಮ ಘಟ್ಟ ಇಳಿಯಲೇ ಇಲ್ಲ.